ಪಂಪ್‌ಸೆಟ್ ಕಳವು ಮತ್ತು ನಟ್ಟು-ಬೋಲ್ಟಿನ ವಿಚಾರ



ಕೊಯ್ಲು ಮುಗಿಯುತ್ತ ಬಂದು ಕಣದಲ್ಲಿ ಕಾಫಿ ಒಣಗುತ್ತಿರುವಾಗಲೇ ನಮ್ಮೆಲ್ಲರ ಗಮನ ಹೊಳೆಬದಿಯ ಪಂಪಿನ ಕಡೆ ತಿರುಗುತ್ತದೆ. ರೊಬಸ್ಟಾ ಬೆಳೆದವರಿಗೆ ಹೂನೀರಿನ ಚಿಂತೆ, ಅಡಿಕೆ ತೋಟದವರಿಗೆ ಬೇಸಿಗೆ ನೀರಿನ ಚಿಂತೆ. ಮಳೆಗಾಲಕ್ಕೆ ಮುಂಚೆ ಕಳಚಿ ಮನೆಯಲ್ಲಿಟ್ಟಿದ್ದ ಮೋಟರನ್ನು ಹೊತ್ತು ತಂದು ಕಟ್ಟೆಯ ಮೇಲೆ ಕೂರಿಸಿ, ಫುಟ್‌ವಾಲ್ವ್ ತೊಳೆದು, ಪೈಪು ಜೋಡಿಸುವ ಕಾಲವಿದು. ಕಳ್ಳರಿಗೂ ಇದೇ ಸುಗ್ಗಿಯ ಕಾಲ. ಮೋಟರು, ಹಿತ್ತಾಳೆಯ ಜೆಟ್ಟು, ಸ್ಟಾರ್ಟರು, ತಾಮ್ರದ ಕೇಬಲ್ಲು ಇವು ಮೊದಲಿನಿಂದಲೂ ಹೋಗುತ್ತಿದ್ದವು. ಈಗ ಅವುಗಳ ಸಾಲಿಗೆ ಸೋಲಾರ್ ಬೇಲಿಯ ಬ್ಯಾಟರಿ, ಸೋಲಾರ್ ಪಂಪಿನ ಹಲಗೆಗಳು, ಕಡೆಗೆ ತೋಟದ ಗೇಟು ಸಹ ಸೇರಿಕೊಂಡಿವೆ.

ಕಳವಾದ ಮೇಲೆ ಮಾಡುವ ಕೆಲಸಗಳ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಆಗದಂತೆ ನೋಡಿಕೊಳ್ಳುವ ಸಣ್ಣ ಕೆಲಸಗಳ ಬಗ್ಗೆ ಕಡಿಮೆ. ಅಂತಹ ಒಂದು ಸಣ್ಣ ಕೆಲಸವನ್ನು, ಅಂದರೆ ಕಳಚಲು ಬಾರದ ನಟ್ಟು-ಬೋಲ್ಟುಗಳ ಬಳಕೆಯನ್ನು, ಸದಸ್ಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ನಷ್ಟದ ನಿಜವಾದ ಲೆಕ್ಕ

ಕಳ್ಳನಿಗೆ ಮೋಟರಿನಿಂದ ಸಿಗುವುದು ಗುಜರಿ ಅಂಗಡಿಯವನು ತೂಕ ಹಾಕಿ ಕೊಡುವ ತಾಮ್ರದ ಹಣ ಮಾತ್ರ. ನಮಗಾಗುವ ನಷ್ಟ ಅದರ ಹತ್ತಾರು ಪಟ್ಟು. ಹೊಸ ಮೋಟರಿನ ಬೆಲೆ ಅದರಲ್ಲಿ ಒಂದು ಭಾಗ; ದೊಡ್ಡ ಭಾಗ ಕಳೆದುಹೋಗುವ ದಿನಗಳದ್ದು. ರೊಬಸ್ಟಾ ಮೊಗ್ಗು ನೀರಿಗಾಗಿ ಕಾಯುತ್ತ ಕುಳಿತಿರುತ್ತದೆ. ಹೂನೀರು ಕೊಟ್ಟ ಸುಮಾರು 8-10 ದಿನಕ್ಕೆ ಹೂವು ಅರಳುತ್ತದೆ. ಆ ಮೇಲೆ ಎರಡು-ಮೂರು ವಾರದೊಳಗೆ ಬ್ಯಾಕಿಂಗ್ ನೀರು ಸಿಗದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಹೂನೀರು ಕೊಟ್ಟು, ಬ್ಯಾಕಿಂಗ್ ನೀರಿಗೆ ಮುಂಚೆ ಪಂಪು ಹೋಯಿತೆಂದರೆ ವರ್ಷದ ಫಸಲಿಗೇ ಪೆಟ್ಟು. ಅಡಿಕೆಗೂ ಮಾರ್ಚಿಯಿಂದ ಮೇ ತಿಂಗಳವರೆಗೆ 3-5 ದಿನಕ್ಕೊಮ್ಮೆ ನೀರು ಬೇಕು. ಹೊಸ ಪಂಪು ತಂದು, ಫಿಟ್ಟರನ್ನು ಹುಡುಕಿ, ಮತ್ತೆ ಕೂರಿಸುವ ಹೊತ್ತಿಗೆ ಸೋಗೆ ಹಳದಿಯಾಗಿ ಎಳೆಗಾಯಿ ಉದುರಲು ಶುರುವಾಗಿರುತ್ತದೆ.

ಇನ್ನೊಂದು ನಷ್ಟವನ್ನು ರೂಪಾಯಿಯಲ್ಲಿ ಹೇಳಲಾಗದು. ಪಂಪು ಕಾಣೆಯಾದ ದಿನ ಬೆಳಿಗ್ಗೆ ಮೊದಲು ಅನುಮಾನ ಬೀಳುವುದು ಲೈನ್ ಮನೆಯವರ ಮೇಲೆ. ಹೊರರಾಜ್ಯದಿಂದ ಬಂದವರಿದ್ದರೆ ಅವರ ಮೇಲೆ, ಇಲ್ಲವಾದರೆ ಹೋದ ವಾರ ಕೂಲಿಯ ವಿಚಾರದಲ್ಲಿ ಮಾತಿಗೆ ಮಾತು ಬೆಳೆಸಿದವನ ಮೇಲೆ. ಮೇಸ್ತ್ರಿಯನ್ನು ಕರೆದು ಕೇಳುತ್ತೇವೆ, ಅವನು ಇನ್ನೊಬ್ಬನನ್ನು ಕೇಳುತ್ತಾನೆ, ಸಂಜೆಯೊಳಗೆ ಯಾರೋ ಒಬ್ಬನ ಟ್ರಂಕು ತೆಗೆಸಿ ನೋಡಿರುತ್ತಾರೆ. ಕದ್ದವನು ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವನೆಂದು ಆಮೇಲೆ ತಿಳಿದರೂ ಟ್ರಂಕು ತೆಗೆಸಿಕೊಂಡವನು ಆ ಮಾತನ್ನು ಮರೆಯುವುದಿಲ್ಲ. ಮುಂದಿನ ಹಂಗಾಮಿಗೆ ಬೇರೆ ತೋಟ ನೋಡಿಕೊಳ್ಳುತ್ತಾನೆ. ಕೊಯ್ಲಿಗೆ ಆಳು ಸಿಗದ ಈ ಕಾಲದಲ್ಲಿ ಇದು ಎಷ್ಟು ದೊಡ್ಡ ನಷ್ಟವೆಂದು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಪನ್ನು ಸುಲಭವಾಗಿ ಕಳಚಲು ಬಾರದಂತೆ ಮಾಡಿಟ್ಟರೆ ಇಂತಹ ಎಷ್ಟೋ ಬೆಳಗುಗಳನ್ನು ತಪ್ಪಿಸಬಹುದು.

ಮೂರು ಸ್ಪ್ಯಾನರು ಸಾಕು

8 ಮಿ.ಮೀ. ಬೋಲ್ಟಿಗೆ 13 ನಂಬರಿನ ಸ್ಪ್ಯಾನರು, 10 ಮಿ.ಮೀ.ಗೆ 17, 12 ಮಿ.ಮೀ.ಗೆ 19. ಈ ಮೂರನ್ನು ಜೇಬಿನಲ್ಲಿಟ್ಟುಕೊಂಡವನು ನಮ್ಮ ತಾಲ್ಲೂಕಿನ ಹೆಚ್ಚುಕಡಿಮೆ ಎಲ್ಲ ಪಂಪನ್ನೂ, ಸೋಲಾರ್ ಹಲಗೆಯನ್ನೂ, ಗೇಟಿನ ಕೀಲನ್ನೂ ಬಿಚ್ಚಬಲ್ಲ. ನಾವು ಪಂಪು ಮನೆಯ ಬಾಗಿಲಿಗೆ ಅಂಗೈಯಗಲದ ಬೀಗ ಹಾಕುತ್ತೇವೆ. ಆದರೆ ಆ ಬೀಗದ ಕೊಂಡಿಯನ್ನು ಬಾಗಿಲಿಗೆ ಹಿಡಿದಿರುವುದು ಹೊರಗಡೆಯಿಂದಲೇ ಕಾಣುವ ನಾಲ್ಕು ಸಾಮಾನ್ಯ ತಿರುಪುಗಳು. ಬೀಗವನ್ನು ಮುಟ್ಟದೆ ಕೊಂಡಿಯನ್ನೇ ಬಿಚ್ಚಿ ಒಳಗೆ ಹೋಗಬಹುದು.

ಬೆಟರಿ ಗ್ರೈಂಡರು ಹಿಡಿದು ಬಂದವನನ್ನು ಯಾವ ನಟ್ಟೂ ಪೂರ್ತಿ ತಡೆಯಲಾರದೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 12 ಮಿ.ಮೀ. ಬೋಲ್ಟನ್ನು ಗ್ರೈಂಡರು ಸ್ವಲ್ಪ ಹೊತ್ತಿನಲ್ಲೇ ಕತ್ತರಿಸುತ್ತದೆ. ಆದರೆ ಕತ್ತರಿಸುವಾಗ ಕಿಡಿ ಹಾರುತ್ತದೆ, ಶಬ್ದ ಅರ್ಧ ಮೈಲಿ ಕೇಳುತ್ತದೆ, ನಾಯಿ ಬೊಗಳುತ್ತದೆ. ಸ್ಪ್ಯಾನರಿನಿಂದ ಸದ್ದಿಲ್ಲದೆ ಐದು ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಸದ್ದು ಮಾಡಿ, ಬೆಳಕು ಹಾಯಿಸಿ ಅರ್ಧ ಗಂಟೆ ಮಾಡಬೇಕಾದಂತೆ ಮಾಡಿದರೆ ಬಹುಪಾಲು ಕಳ್ಳರು ಕೈಬಿಟ್ಟು ಹೋಗುತ್ತಾರೆ. ನಾವು ಬಯಸಬೇಕಾದದ್ದು ಇಷ್ಟೇ.

ಪೇಟೆಯಲ್ಲಿ ಸಿಗುವ ನಾಲ್ಕು ಬಗೆ

1. ಒಮ್ಮುಖ ತಿರುಪು. ಇದರ ತಲೆಯ ಸೀಳು ಬಿಗಿ ಮಾಡುವಾಗ ಸ್ಕ್ರೂಡ್ರೈವರನ್ನು ಹಿಡಿಯುತ್ತದೆ, ಬಿಚ್ಚಲು ತಿರುಗಿಸಿದರೆ ಇಳಿಜಾರಿನ ಮೇಲೆ ಜಾರಿಬಿಡುತ್ತದೆ. ಬಾಗಿಲಿನ ಕೀಲು, ಕೊಂಡಿ, ಮೀಟರ್ ಪೆಟ್ಟಿಗೆ ಮೊದಲಾದ ಹಗುರ ಕೆಲಸಕ್ಕೆ ಸಾಕು. ತಲೆ ಹೊರಗೆ ಎದ್ದಿದ್ದರೆ ಇಕ್ಕಳದಿಂದ ಹಿಡಿದು ತಿರುಗಿಸಬಹುದಾದ್ದರಿಂದ ಮರದೊಳಗೆ ಸಮವಾಗಿ ಇಳಿಯುವಂತೆ ಕೂರಿಸತಕ್ಕದ್ದು.

2. ನಡುವೆ ಕಡ್ಡಿಯಿರುವ ನಕ್ಷತ್ರ ತಿರುಪು. ಆರು ಮೂಲೆಯ ನಕ್ಷತ್ರದಂತಹ ತಲೆಯ ಈ ತಿರುಪನ್ನು ಟಾರ್ಕ್ಸ್ ಎನ್ನುತ್ತಾರೆ; 1967ರಲ್ಲಿ ಅಮೆರಿಕದಲ್ಲಿ ರೂಪುಗೊಂಡದ್ದು. ಅದರ ಗುಳಿಯ ನಡುವೆ ಒಂದು ಕಡ್ಡಿ ನಿಲ್ಲಿಸಿದರೆ ಸಾಧಾರಣ ಕೀಲಿ ಒಳಗೆ ಇಳಿಯುವುದಿಲ್ಲ, ನಡುವೆ ತೂತಿರುವ ಕೀಲಿಯೇ ಬೇಕು. ಅಲೆನ್ ಬೋಲ್ಟಿನಲ್ಲೂ ಇದೇ ಬಗೆ ಸಿಗುತ್ತದೆ. ಆದರೆ ತೂತಿನ ಕೀಲಿ ಈಗ ಯಾರಿಗೆ ಬೇಕಾದರೂ ಕಡಿಮೆ ಬೆಲೆಗೆ ದೊರೆಯುತ್ತದೆ. ಆದ್ದರಿಂದ ಸಿದ್ಧತೆಯಿಲ್ಲದೆ ಬಂದ ಕಳ್ಳನಿಗೆ ಮಾತ್ರ ಇದು ಅಡ್ಡಿ. ಆಗಾಗ ತೆರೆಯಬೇಕಾದ ಸ್ಟಾರ್ಟರ್ ಪೆಟ್ಟಿಗೆ, ಬೇಲಿಯ ಬ್ಯಾಟರಿ ಪೆಟ್ಟಿಗೆಗಳಿಗೆ ಬಳಸಬಹುದು.

3. ಮುರಿಯುವ ನಟ್ಟು. ಶಿಯರ್ ನಟ್ಟು ಎಂದು ಕೇಳಬೇಕು. ಕೆಳಗೆ ನುಣುಪಾದ ಶಂಕುವಿನಾಕಾರ, ಮೇಲೆ ಮಾಮೂಲಿ ಆರು ಮೂಲೆ, ಇವೆರಡರ ನಡುವೆ ತೆಳ್ಳಗಿನ ಕತ್ತು. ಸ್ಪ್ಯಾನರಿನಿಂದ ಬಿಗಿ ಮಾಡುತ್ತ ಹೋದರೆ ಗೊತ್ತಾದ ಬಿಗಿಗೆ ಬಂದೊಡನೆ ಕತ್ತು ಮುರಿದು ಆರು ಮೂಲೆಯ ಭಾಗ ಕೈಗೆ ಬರುತ್ತದೆ. ಉಳಿಯುವುದು ಸ್ಪ್ಯಾನರಿಗೆ ಹಿಡಿತ ಸಿಗದ ನುಣುಪು ಶಂಕು. ನಮ್ಮ ತೋಟಗಳ ಮೇಲೆ ಹಾದುಹೋಗುವ ಹೈಟೆನ್ಷನ್ ಗೋಪುರಗಳ ಕೆಳಭಾಗದಲ್ಲಿ ಕಳ್ಳರು ಪಟ್ಟಿ ಬಿಚ್ಚದಂತೆ ಇಂತಹ ಕಳವು ನಿರೋಧಕ ಬೋಲ್ಟು-ನಟ್ಟುಗಳನ್ನು ಹಾಕುವ ಪದ್ಧತಿಯಿದೆ. ಇದು ಗಟ್ಟಿ ಉಪಾಯ, ಆದರೆ ಕಾಯಂ. ಬಿಚ್ಚಬೇಕಾದರೆ ಮಾಲೀಕನೂ ವೆಲ್ಡಿಂಗಿನವರನ್ನು ಕರೆಸಿ ಶಂಕುವಿನ ಮೇಲೆ ಇನ್ನೊಂದು ನಟ್ಟು ಬೆಸೆದು ತಿರುಗಿಸಬೇಕು, ಇಲ್ಲವೇ ಕತ್ತರಿಸಬೇಕು.

4. ಕೀಲಿ ನಟ್ಟು. ಕಾರಿನ ಚಕ್ರಕ್ಕೆ ಹಾಕುವ ಲಾಕ್ ನಟ್ಟನ್ನು ಅನೇಕರು ನೋಡಿರಬಹುದು. ಹೊರಮೈ ದುಂಡಗೆ, ತಲೆಯಲ್ಲಿ ವಿಚಿತ್ರ ಗೀರುಗಳು. ಅದಕ್ಕೆ ಹೊಂದುವ ಕೀಲಿಯಿಂದ ಮಾತ್ರ ಬಿಚ್ಚಬಹುದು, ಮತ್ತೆ ಹಾಕಬಹುದು.

ಯಾವುದು ಎಲ್ಲಿ?

ಹೊಳೆ, ಹಳ್ಳದ ದಡದಲ್ಲಿರುವ ಪಂಪನ್ನು ನಾವು ಜೂನ್ ತಿಂಗಳಿಗೆ ಮುಂಚೆ ನೆರೆ ಬಾರದಷ್ಟು ಎತ್ತರಕ್ಕೆ ಸಾಗಿಸುತ್ತೇವೆ. ಅಲ್ಲಿ ಮುರಿಯುವ ನಟ್ಟು ಹಾಕಿದರೆ ರಾತ್ರೋರಾತ್ರಿ ಹೊಳೆ ಏರಿದಾಗ ನಮ್ಮ ಪಂಪನ್ನು ನಾವೇ ಬಿಚ್ಚಲಾರದೆ ನೋಡುತ್ತ ನಿಲ್ಲಬೇಕಾದೀತು. ಆದುದರಿಂದ ಹೊಳೆಬದಿಗೆ ಕೀಲಿ ನಟ್ಟು. ಕೆರೆ ಏರಿಯ ಮೇಲೆ, ಎತ್ತರದ ಬಾವಿಯ ಬಳಿ ವರ್ಷವಿಡೀ ಕೂರುವ ಪಂಪಿಗೆ, ಬೋರ್‌ವೆಲ್ಲಿನ ಬಾಯಿ ಮುಚ್ಚಳಕ್ಕೆ ನಾಲ್ಕರಲ್ಲಿ ಎರಡು ಮುರಿಯುವ ನಟ್ಟು, ಎರಡು ಕೀಲಿ ನಟ್ಟು ಹಾಕಬಹುದು. ಎರಡು ಬಗೆ ಕಂಡಾಗ ಕಳ್ಳನಿಗೆ ಎರಡು ಬಗೆಯ ಸಲಕರಣೆ ಬೇಕಾಗುತ್ತದೆ. ಸೋಲಾರ್ ಹಲಗೆ ಒಮ್ಮೆ ಕೂರಿಸಿದರೆ ವರ್ಷಗಟ್ಟಲೆ ಕದಲಿಸುವುದಿಲ್ಲವಾದ್ದರಿಂದ ಅದಕ್ಕೆ ಮುರಿಯುವ ನಟ್ಟೇ ಸರಿ. ಆದರೆ ಪೂರೈಸಿದವರ ವಾರಂಟಿ ನಡೆಯುತ್ತಿದ್ದರೆ ಮೊದಲು ಅವರನ್ನು ಕೇಳಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಹೊಸ ನಟ್ಟನ್ನು ಪಂಪು ಕೂರಿಸಿದ ದಿನವೇ ಹಾಕಬೇಡಿ. ಮೊದಲು ಮಾಮೂಲಿ ನಟ್ಟು ಹಾಕಿ ನಾಲ್ಕಾರು ದಿನ ಓಡಿಸಿ. ಅದುರುತ್ತಿದೆಯೇ, ಗ್ಲ್ಯಾಂಡಿನಲ್ಲಿ ನೀರು ಸೋರುತ್ತಿದೆಯೇ, ಕಪ್ಲಿಂಗ್ ನೇರವಾಗಿದೆಯೇ ಎಂದು ನೋಡಿ ಸರಿಪಡಿಸಿದ ಮೇಲೆ ಒಂದೊಂದಾಗಿ ಬದಲಿಸಿ. ಮುರಿಯುವ ನಟ್ಟನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬಂದು ಕೊನೆಗೆ ಮುರಿಯತಕ್ಕದ್ದು.

ಅಂಗಡಿಗೆ ಹೋಗುವಾಗ ಹಳೆಯ ಬೋಲ್ಟನ್ನು ಜೊತೆಗೆ ಒಯ್ಯಿರಿ. ಹಳೆಯ ಕಟ್ಟೆಗಳಲ್ಲಿ ಅರ್ಧ ಇಂಚಿನ ಬೋಲ್ಟುಗಳಿರುವುದುಂಟು. ಕಣ್ಣಿಗೆ 12 ಮಿ.ಮೀ.ನಂತೆಯೇ ಕಂಡರೂ ಥ್ರೆಡ್ಡು ಬೇರೆ. ಬಲವಂತವಾಗಿ ತಿರುಗಿಸಿದರೆ ಬೋಲ್ಟೂ ಹಾಳು, ಹೊಸ ನಟ್ಟೂ ಹಾಳು.

ಖರ್ಚಿಲ್ಲದ ಉಪಾಯಗಳು

ಮೇಲಿನವು ಸಿಗದಿದ್ದರೆ ಸುಮ್ಮನೆ ಕೂರಬೇಕಾಗಿಲ್ಲ. ನಮ್ಮೂರಿನ ಹಾರ್ಡ್‌ವೇರ್ ಅಂಗಡಿ, ವೆಲ್ಡಿಂಗ್ ಶೆಡ್ಡಿನಲ್ಲೇ ಆಗುವ ಕೆಲಸಗಳಿವೆ.

ಎಲ್ಲಕ್ಕಿಂತ ಅಗ್ಗದ್ದು ಕ್ಯಾರೇಜ್ ಬೋಲ್ಟು. ತಲೆ ದುಂಡಗೆ ನುಣುಪಾಗಿದ್ದು ಅದರ ಕೆಳಗೆ ಚೌಕದ ಕತ್ತು ಇರುತ್ತದೆ. ಪಂಪು ಮನೆಯ ಬಾಗಿಲಿನ ಕೀಲು, ಕೊಂಡಿಗಳಿಗೆ ತಿರುಪಿನ ಬದಲು ಇದನ್ನು ಹಾಕಿ, ದುಂಡು ತಲೆ ಹೊರಗೆ, ನಟ್ಟು ಒಳಗೆ ಬರುವಂತೆ ಮಾಡಿದರೆ ಹೊರಗೆ ನಿಂತವನಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಬೋಲ್ಟಿನ ತುದಿ ನಟ್ಟಿನಿಂದ ಒಂದೆರಡು ಥ್ರೆಡ್ಡಿನಷ್ಟು ಹೊರಗಿದ್ದರೆ ಸುತ್ತಿಗೆಯಿಂದ ಬಡಿದು ರಿವೆಟ್ಟಿನಂತೆ ಚಪ್ಪಟೆ ಮಾಡಬಹುದು. ಅಲೆನ್ ಬೋಲ್ಟಾದರೆ ಅದರ ಗುಳಿಗೆ ಸರಿಯಾಗಿ ಕೂರುವ ಹಳೆಯ ಬೇರಿಂಗಿನ ಗುಂಡು ಬಡಿದು ಇಳಿಸಬಹುದು. ನಟ್ಟಿನ ಸುತ್ತ ಅದಕ್ಕಿಂತ ಎತ್ತರವಾದ ಪೈಪಿನ ತುಂಡೊಂದನ್ನು ಬೇಸ್ ಕಬ್ಬಿಣಕ್ಕೆ ಬೆಸೆದುಬಿಟ್ಟರೆ ನಟ್ಟು ಬಾವಿಯೊಳಗೆ ಕೂತಂತಾಗಿ ಮಾಮೂಲಿ ಸ್ಪ್ಯಾನರು ತಾಗುವುದಿಲ್ಲ. ಮಾಲೀಕನು ತೆಳ್ಳಗಿನ ಬಾಕ್ಸ್ ಸ್ಪ್ಯಾನರಿನಿಂದ ಬಿಚ್ಚಿಕೊಳ್ಳಬಹುದು. ಥ್ರೆಡ್ಡಿಗೆ ಹಚ್ಚುವ ಗಟ್ಟಿ ಅಂಟು ಸಹ ಸಿಗುತ್ತದೆ. ಎಣ್ಣೆ, ಜಿಡ್ಡು ಪೂರ್ತಿ ಒರೆಸಿ ಹಚ್ಚಿದರೆ ಮಾತ್ರ ಅದು ಹಿಡಿಯುತ್ತದೆ. ಮುಂದೆ ಬಿಚ್ಚಲು ಚೆನ್ನಾಗಿ ಬಿಸಿ ಮಾಡಬೇಕು.

ನಟ್ಟನ್ನು ಬೋಲ್ಟಿಗೆ ಒಂದು ಚುಕ್ಕೆ ವೆಲ್ಡ್ ಮಾಡಿಸುವುದು ನಮ್ಮಲ್ಲಿ ರೂಢಿ. ಮಾಡಿಸುವವರು ಮೂರು ವಿಷಯ ನೆನಪಿಡತಕ್ಕದ್ದು. ಮೋಟರಿನ ವೈರುಗಳನ್ನು ಮೊದಲೇ ಬಿಡಿಸಿರಬೇಕು. ವೆಲ್ಡಿಂಗಿನ ಅರ್ಥ್ ಕ್ಲಿಪ್ಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಬೇಕು. ದೂರ ಹಾಕಿದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅದನ್ನು ಕೆಡಿಸಬಹುದು. ಬೆಸೆದ ಕಡೆ ಸತುವಿನ ಲೇಪ ಸುಟ್ಟುಹೋಗುವುದರಿಂದ ಸತುವಿನ ಬಣ್ಣ ಬಳಿಯಬೇಕು.

ಈ ಎಲ್ಲ ಉಪಾಯ ನಿಲ್ಲುವುದು ಅಡಿಪಾಯದ ಮೇಲೆ. ಬೋಲ್ಟಿನ ಕೆಳತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಕಾಂಕ್ರೀಟಿನೊಳಗೆ ಹುಗಿಸಿರಬೇಕು. ಹಲಗೆಯ ಮೇಲೆ ಮೊಳೆ ಹೊಡೆದು ಕೂರಿಸಿದ ಪಂಪಿಗೆ ಎಷ್ಟು ಬೆಲೆಯ ನಟ್ಟು ಹಾಕಿದರೂ ಕಳ್ಳನು ಹಲಗೆ ಸಮೇತ ಹೊತ್ತೊಯ್ಯುತ್ತಾನೆ. ಕೇಬಲ್ಲಿನ ಕಳವಿಗೂ ನಟ್ಟು ಮದ್ದಲ್ಲ. ಅದನ್ನು ಪೈಪಿನೊಳಗೆ ಹಾಯಿಸಿ ನೆಲದಲ್ಲಿ ಹೂಳುವುದೇ ದಾರಿ. ಹಿತ್ತಾಳೆಯ ಜೆಟ್ಟುಗಳನ್ನು ನೀರು ಹಾಯಿಸಿದ ಮೇಲೆ ಮನೆಗೆ ತರುವುದು, ಇಲ್ಲವೇ ಪ್ಲಾಸ್ಟಿಕ್ಕಿನವನ್ನು ಬಳಸುವುದು ಉತ್ತಮ.

ಮಳೆ ಮತ್ತು ತುಕ್ಕು

ಆಗುಂಬೆಯಲ್ಲಿ ಸರಾಸರಿ ವಾರ್ಷಿಕ ಮಳೆ 7000 ಮಿ.ಮೀ.ಗಿಂತಲೂ ಹೆಚ್ಚು. ಅಷ್ಟಿಲ್ಲದ ಕಡೆಯಲ್ಲೂ ಮಲೆನಾಡಿನ ಮಳೆಗಾಲ ಕಬ್ಬಿಣಕ್ಕೆ ಹೇಳಿಸಿದ್ದಲ್ಲ. ಬರೀ ಕಬ್ಬಿಣದ ಕೀಲಿ ನಟ್ಟು ಎರಡು ಮಳೆಗಾಲದಲ್ಲಿ ಗೀರು ತುಂಬ ತುಕ್ಕು ಹಿಡಿದು ಮಾಲೀಕನಿಗೂ ಬಿಚ್ಚಲಾಗದಂತಾಗುತ್ತದೆ. ಬಿಸಿ ಸತುವಿನಲ್ಲಿ ಅದ್ದಿದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಗೀರಿಗೆ ಗ್ರೀಸು ತುಂಬಿ, ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿಟ್ಟರೆ ಇನ್ನೂ ಒಳ್ಳೆಯದು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿದಂತೆಯೇ ರಭಸದಿಂದ ತಿರುಗಿಸಿದರೆ ಅರ್ಧದಲ್ಲೇ ಕಚ್ಚಿಕೊಳ್ಳುವುದುಂಟು. ತೆಳುವಾಗಿ ಗ್ರೀಸು ಸವರಿ ಕೈಯಿಂದಲೇ ನಿಧಾನವಾಗಿ ಬಿಗಿ ಮಾಡಬೇಕು.

ಬೋರ್ಡೋ ದ್ರಾವಣದ ಸ್ಪ್ರೇ ಪಂಪುಗಳ ವಿಚಾರ ಬೇರೆ. ಸುಣ್ಣ ಕಡಿಮೆಯಾದ ದ್ರಾವಣದಲ್ಲಿ ಕತ್ತಿಯ ಅಲಗು ಅದ್ದಿದರೆ ತಾಮ್ರ ಹತ್ತುವುದನ್ನು ಕೊಳೆರೋಗಕ್ಕೆ ಔಷಧಿ ಹೊಡೆಯುವ ಪ್ರತಿಯೊಬ್ಬರೂ ಬಲ್ಲರು. ಅದೇ ದ್ರಾವಣ ನಟ್ಟಿನ ಸತುವನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಕೆಲಸ ಮುಗಿದ ದಿನವೇ ಪಂಪನ್ನೂ ಬೋಲ್ಟುಗಳನ್ನೂ ನೀರಿನಿಂದ ತೊಳೆಯತಕ್ಕದ್ದು.

ಮಾಡಬಾರದ ಕೆಲಸ

ಕಳ್ಳರ ಮೇಲಿನ ಸಿಟ್ಟಿಗೆ ಪಂಪು ಮನೆಯ ಬಾಗಿಲಿಗೆ, ಪೈಪಿಗೆ ಲೈನಿನ ಕರೆಂಟು ಹರಿಸಿಡುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಇದನ್ನು ಯಾರೂ ಮಾಡಬಾರದು. ಆ ಬಾಗಿಲನ್ನು ಮೊದಲು ಮುಟ್ಟುವವನು ಕಳ್ಳನೇ ಆಗಿರಬೇಕೆಂದಿಲ್ಲ. ನೀರು ತಿರುಗಿಸಲು ಹೋದ ನಮ್ಮ ಆಳು, ಮೀನು ಹಿಡಿಯಲು ಹೋದ ಹುಡುಗ, ಮೇಯುತ್ತ ಬಂದ ದನ ಯಾರೂ ಆಗಬಹುದು. ಸೋಲಾರ್ ಬೇಲಿಯಲ್ಲಿ ಯಂತ್ರವು ಕ್ಷಣಮಾತ್ರದ ತುಡಿತಗಳನ್ನಷ್ಟೇ ಬಿಡುತ್ತದೆ. ಲೈನಿನ ಕರೆಂಟು ಹಾಗಲ್ಲ, ಜೀವ ತೆಗೆಯುತ್ತದೆ. ಹಾಗಾದಲ್ಲಿ ಜೈಲಿಗೆ ಹೋಗಬೇಕಾದವರು ಪಂಪಿನ ಯಜಮಾನರು.

ಕಾಗದ-ಪತ್ರ

ಪ್ರತಿಯೊಂದು ಮೋಟರಿನ ತಯಾರಕರ ಹೆಸರು, ಸೀರಿಯಲ್ ನಂಬರು, ಕೊಂಡ ದಿನಾಂಕ, ರಸೀದಿ ಇವನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ; ಫೋಟೋ ತೆಗೆದಿಡಿ. ತಗಡಿನ ನಂಬರ್ ಪಟ್ಟಿಯನ್ನು ಕಳ್ಳನು ಕಿತ್ತೆಸೆಯುವುದರಿಂದ ಮೋಟರಿನ ಮೈಮೇಲೆ ಎರಡು ಕಡೆ ನಿಮ್ಮ ಗುರುತನ್ನು ಪಂಚ್ ಮಾಡಿಸಿ. ಗುಜರಿ ಅಂಗಡಿಯಲ್ಲಿ ಸಿಕ್ಕರೆ ನಿಮ್ಮದೆಂದು ತೋರಿಸಲು ಅದೇ ಆಧಾರ.

2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕಳವಿಗೆ ಅದರ 303ನೆಯ ಕಲಮು, ಕದ್ದ ಮಾಲೆಂದು ತಿಳಿದೂ ಕೊಳ್ಳುವವರಿಗೆ 317ನೆಯ ಕಲಮು. ದೂರು ದಾಖಲಾದ ಪ್ರತಿಯನ್ನು ಪೊಲೀಸರು ಉಚಿತವಾಗಿ ಕೊಡಬೇಕು. ತಪ್ಪದೆ ಕೇಳಿ ಪಡೆಯಿರಿ. ಪಂಪ್‌ಸೆಟ್ ವಿಮೆ ಮಾಡಿಸಿದವರು ಕಳವಿನ ಷರತ್ತನ್ನು ಓದಿಕೊಂಡಿರಬೇಕು. ಒಡೆದ, ಕತ್ತರಿಸಿದ ಗುರುತು ಕೇಳುವ ಪಾಲಿಸಿಗಳಿವೆ. ಸ್ಪ್ಯಾನರಿನಿಂದ ನಾಜೂಕಾಗಿ ಬಿಚ್ಚಿ ಒಯ್ದಲ್ಲಿ ಅಂತಹ ಗುರುತು ಉಳಿಯುವುದಿಲ್ಲ. ಕಳಚಲು ಬಾರದ ನಟ್ಟಿದ್ದರೆ ಕತ್ತರಿಸಿದ ಗುರುತು ಅಲ್ಲೇ ಇರುತ್ತದೆ.

ಸಂಘದ ಮೂಲಕ ಆಗಬಹುದಾದದ್ದು

ಮುರಿಯುವ ನಟ್ಟು, ಕೀಲಿ ನಟ್ಟುಗಳ ಬೆಲೆ ಮಾಮೂಲಿ ನಟ್ಟಿನ ಹಲವು ಪಟ್ಟು. ಆದರೆ ಒಂದು ಪಂಪಿಗೆ ಬೇಕಾದದ್ದು ನಾಲ್ಕೇ. ಬಿಡಿಬಿಡಿಯಾಗಿ ತರಿಸಲು ಹೋದರೆ ಸಾಗಣೆಯ ಖರ್ಚೇ ಹೆಚ್ಚಾಗುತ್ತದೆ. ಗೊಬ್ಬರ, ಮೈಲುತುತ್ತು ತರಿಸಿದಂತೆ ಸಂಘದ ಮೂಲಕ ಒಟ್ಟಾಗಿ ತರಿಸಿದರೆ ಎಲ್ಲರಿಗೂ ಅನುಕೂಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೀಲಿ ನಟ್ಟನ್ನು ಎಲ್ಲರೂ ಒಂದೇ ಗೀರಿನದು ತರಿಸಿಕೊಂಡರೆ ಒಂದು ಕೀಲಿ ಕಳ್ಳನ ಕೈಗೆ ಸಿಕ್ಕ ದಿನ ಇಡೀ ಊರಿನ ಪಂಪುಗಳು ಅವನವಾಗುತ್ತವೆ. ಮತ್ತೆ 17 ನಂಬರ್ ಸ್ಪ್ಯಾನರಿನ ಕಥೆಯೇ. ಆದುದರಿಂದ ನಾಲ್ಕಾರು ಬಗೆಯ ಗೀರುಗಳನ್ನು ತರಿಸಿ, ಅಕ್ಕಪಕ್ಕದ ತೋಟಗಳಿಗೆ ಬೇರೆ ಬೇರೆ ಬಗೆ ಬರುವಂತೆ ಹಂಚಬೇಕಾಗುತ್ತದೆ. ಯಾರಿಗೆ ಯಾವುದೆಂಬ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸುವಂತಿಲ್ಲ. ಪ್ರತಿ ಸದಸ್ಯರ ಎರಡನೆಯ ಕೀಲಿಯನ್ನು ಅರಗು ಹಾಕಿದ ಲಕೋಟೆಯಲ್ಲಿ, ಸದಸ್ಯತ್ವದ ನಂಬರು ಮಾತ್ರ ಬರೆದು, ಸಂಘದ ಕಪಾಟಿನಲ್ಲಿಡಬಹುದು. ಕೀಲಿ ಕಳೆದುಕೊಂಡವರು ಖುದ್ದಾಗಿ ಬಂದು ಸಹಿ ಹಾಕಿ ಒಯ್ಯಬೇಕು. ಮನೆಯಲ್ಲಿರುವ ಕೀಲಿಯನ್ನು ಪಂಪು ಮನೆಯ ಮೊಳೆಗೆ ತೂಗುಹಾಕುವ ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಬೇಕು.

ಈ ಏರ್ಪಾಡು ಬೇಕೆನ್ನುವ ಸದಸ್ಯರು ತಮ್ಮ ಪಂಪಿನ ಕುದುರೆ ಶಕ್ತಿ, ಕಟ್ಟೆಯ ಬೋಲ್ಟಿನ ಅಳತೆ, ಬೇಕಾದ ನಟ್ಟುಗಳ ಸಂಖ್ಯೆ, ಪಂಪು ವರ್ಷವಿಡೀ ಇರುವುದೋ ಮಳೆಗಾಲಕ್ಕೆ ತೆಗೆಯುವುದೋ ಎಂಬ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಈ ತಿಂಗಳ ಕೊನೆಯೊಳಗೆ ಕಚೇರಿಗೆ ತಲುಪಿಸಬೇಕಾಗಿ ಕೋರಿಕೆ. ಬೋಲ್ಟಿನ ಅಳತೆ ತಿಳಿಯದಿದ್ದರೆ ಹಳೆಯ ನಟ್ಟೊಂದನ್ನೇ ಜೇಬಿನಲ್ಲಿ ಹಾಕಿಕೊಂಡು ಬಂದರೂ ಸಾಕು, ಇಲ್ಲೇ ಅಳೆದು ಬರೆದುಕೊಳ್ಳುತ್ತೇವೆ.

— ಕಾರ್ಯದರ್ಶಿ